ಹಿಡಿಯ ಬಣ್ಣ, ಹಿಡಿಯುವವನ ಕಣ್ಣು

ಕಳೆದ ಕಾರ್ತಿಕ ಮಾಸದಲ್ಲಿ, ರಾಗಿ ಕೊಯ್ಲಿಗೆ ಇನ್ನೂ ಎರಡು ವಾರವಿರುವಾಗ, ನಾವು ನಮ್ಮ ಸೋದರಳಿಯನೊಡನೆ ಹುಣಸೂರಿನ ಕಬ್ಬಿಣದ ಅಂಗಡಿಯೊಂದಕ್ಕೆ ಹೋಗಿದ್ದೆವು. ಅವನಿಗೆ ನಾಲ್ಕು ಕುಡುಗೋಲು, ಒಂದು ಮಚ್ಚು, ಒಂದು ಗುದ್ದಲಿ ಬೇಕಾಗಿದ್ದವು. ಅಂಗಡಿಯವರು ಕೆಂಪು, ಹಳದಿ, ಹಸುರು, ನೀಲಿ ಹಿಡಿಗಳ ಕುಡುಗೋಲುಗಳನ್ನು ಹಲಗೆಯ ಮೇಲೆ ಹರಡಿದರು. ಅಳಿಯನು ಒಂದೊಂದನ್ನೂ ಎತ್ತಿ ತೂಗಿ, ಅಲಗನ್ನು ಉಗುರಿನ ಮೇಲೆ ಆಡಿಸಿ ನೋಡಿ, ಕೆಂಪು ಹಿಡಿಯದೊಂದು ಅಲಗು ಚೆನ್ನಾಗಿದೆಯೆಂದು ತಾನೇ ಹೇಳಿ, ಅದನ್ನು ಬದಿಗಿಟ್ಟು, ನೀಲಿ ಹಿಡಿಯವೇ ನಾಲ್ಕು ಬೇಕೆಂದು ಕುಳಿತನು. ಅವರು ಒಳಗೆ ಹೋಗಿ ಹುಡುಕಿ ತರಬೇಕಾಯಿತು.

ನಮಗೆ ಸ್ವಲ್ಪ ಬೇಸರವೇ ಆಯಿತು. "ಏನಪ್ಪಾ, ಪೈರು ಕೊಯ್ಯುವುದು ಅಲಗೋ, ಹಿಡಿಯೋ? ಬಣ್ಣ ಯಾವುದಾದರೇನು?" ಎಂದೆವು. ಅಂಗಡಿಯಲ್ಲಿ ಅವನು ಮಾತಾಡಲಿಲ್ಲ. ಬಸ್ ನಿಲ್ದಾಣದ ಕಡೆಗೆ ನಡೆಯುವಾಗ ತಗ್ಗಿದ ದನಿಯಲ್ಲಿ ಹೇಳಿದನು: "ಮಾವ, ನಿಮಗೆ ಯಾವ ಬಣ್ಣವಾದರೂ ಆದೀತು. ನನಗೆ ಆಗದು. ಕೆಂಪು ಹಿಡಿ ಹುಲ್ಲಿನಲ್ಲಿ ಬಿದ್ದರೆ ನನ್ನ ಪಾಲಿಗೆ ಅದೂ ಹುಲ್ಲೇ."

ಆ ಒಂದು ಮಾತು ನಮ್ಮನ್ನು ಇಪ್ಪತ್ತು ವರ್ಷಕ್ಕೂ ಹಿಂದಕ್ಕೆ ಒಯ್ದಿತು. ಆಯುಧ, ಸಲಕರಣೆಗಳನ್ನು ಆರಿಸುವಾಗ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕೆಂಬ ಸಣ್ಣ ಪ್ರಶ್ನೆಯ ಹಿಂದೆ ನಮ್ಮ ಮನೆಯಲ್ಲಿ ಎಷ್ಟು ದೊಡ್ಡ ತಪ್ಪು ಅಡಗಿತ್ತೆಂಬುದು ಅಂದು ಅರಿವಾಯಿತು. ಅದನ್ನು ಓದುಗ ಬಂಧುಗಳ ಮುಂದೆ ನಿವೇದಿಸುವುದೇ ಈ ಬರಹದ ಉದ್ದೇಶ.

ನಾವು ಬಾಲ್ಯದಲ್ಲಿಯೇ ಮಠದ ಪಾಠಶಾಲೆಗೆ ಸೇರಿದವರು. ಬೆಳಗಿನ ಪಾಠ ಮುಗಿದ ಮೇಲೆ ತೋಟದ ಕಾಯಕವಿರುತ್ತಿತ್ತು. ತೋಟ ನೋಡಿಕೊಳ್ಳುತ್ತಿದ್ದ ಹಿರಿಯರೊಬ್ಬರು ಸಲಕರಣೆ ಪರೀಕ್ಷಿಸುವ ಬಗೆಯನ್ನು ನಮಗೆ ಕಲಿಸಿದರು. ಗುದ್ದಲಿಯನ್ನು ಎತ್ತಿ ಕಲ್ಲಿನಿಂದ ಮೆಲ್ಲಗೆ ತಟ್ಟಬೇಕು. ನಾದ ತುಂಬಿ ಬಂದರೆ ಲೋಹದಲ್ಲಿ ಬಿರುಕಿಲ್ಲ, ಒಡಕು ದನಿ ಬಂದರೆ ಕೆಳಗಿಡಬೇಕು. ಮರದ ಕಾವಿನ ಎಳೆ ಉದ್ದಕ್ಕೂ ಹರಿದಿರಬೇಕು. ಎಳೆ ಅಡ್ಡ ಹೋಗಿರುವ ಕಾವು ಏಟು ಬಿದ್ದಾಗ ಅಲ್ಲಿಯೇ ಮುರಿಯುತ್ತದೆ. ಗಂಟು ಇದ್ದರೆ ಅದು ಕೈ ಹಿಡಿಯುವ ಜಾಗದಲ್ಲಿದೆಯೋ, ಒತ್ತಡ ಬೀಳುವ ಜಾಗದಲ್ಲಿದೆಯೋ ನೋಡಬೇಕು. ಇವಿಷ್ಟೂ ಆದ ಮೇಲೆ ಅವರು ಹೇಳುತ್ತಿದ್ದ ಕಡೆಯ ಮಾತು, ಬಣ್ಣ ಬಳಿದ ಕಾವನ್ನು ಕೊಳ್ಳಬಾರದು ಎಂಬುದು. ಬಣ್ಣದ ಕೆಳಗೆ ಗಂಟು, ಬಿರುಕು, ಹುಳು ಕೊರೆದ ತೂತು ಎಲ್ಲವೂ ಮುಚ್ಚಿಹೋಗುತ್ತವೆ. ಬಣ್ಣ ಬೇಕೆನಿಸಿದರೆ ಬರಿಯ ಕಾವನ್ನು ತಂದು ನೋಡಿ, ಆಮೇಲೆ ನಾವೇ ಬಳಿದುಕೊಳ್ಳಬೇಕು. ಈ ಉಪದೇಶ ಇಂದಿಗೂ ಸರಿಯಾದುದೇ.

ನಮ್ಮ ತಂದೆಯವರದೂ ಇದೇ ಜಾಡು. ಪಿರಿಯಾಪಟ್ಟಣ ತಾಲ್ಲೂಕಿನ ಸಾಧಾರಣ ಒಕ್ಕಲು ಮನೆತನ ನಮ್ಮದು. ಸಂಕ್ರಾಂತಿಯ ಆಸುಪಾಸಿನಲ್ಲಿ ಕೃಷ್ಣರಾಜನಗರದ ಕಡೆಯ ಚುಂಚನಕಟ್ಟೆಯಲ್ಲಿ ಜಾನುವಾರು ಜಾತ್ರೆ ಕೂಡುವುದನ್ನು ಬಂಧುಗಳು ಬಲ್ಲರು. ಅಲ್ಲಿ ನೆರೆದವರು ಎತ್ತಿನ ಮೈಬಣ್ಣವನ್ನೂ ಸುಳಿಗಳನ್ನೂ ಹಿಡಿದು ಗಂಟೆಗಟ್ಟಲೆ ವಾದಿಸುತ್ತಿದ್ದರೆ, ತಂದೆಯವರು ಹಲ್ಲು ನೋಡಿ, ಗೊರಸು ನೋಡಿ, ಹೆಗಲನ್ನು ಒತ್ತಿ, ಹತ್ತು ಹೆಜ್ಜೆ ನಡೆಸಿ ನೋಡುತ್ತಿದ್ದರು. ಬಣ್ಣದ ಮಾತು ಬಂದರೆ, "ಬಣ್ಣ ಏನ್ ನೇಗ್ಲು ಎಳೀತದಾ?" ಎಂದು ನಕ್ಕುಬಿಡುತ್ತಿದ್ದರು. ನಾವು ಮುಂದೆ ಉಪನ್ಯಾಸಗಳಿಗೆ ಹೋಗತೊಡಗಿದಾಗ ಈ ಮಾತನ್ನು ಅನೇಕ ಸಭೆಗಳಲ್ಲಿ ಬಳಸಿಕೊಂಡೆವು. ಹೊರಗಿನ ಥಳುಕಿಗೆ ಮರುಳಾಗದ ಒಬ್ಬ ರೈತನ ವಿವೇಕವೆಂದು ಅದನ್ನು ವರ್ಣಿಸಿದೆವು. ಆ ಮಾತಿಗೆ ಇನ್ನೊಂದು ಅರ್ಥವಿದ್ದೀತೆಂದು ಎಂದೂ ಯೋಚಿಸಲಿಲ್ಲ.

ಬಣ್ಣವೇ ಸಲಕರಣೆಯ ಸತ್ಯವನ್ನು ನುಡಿಯುವ ಒಂದು ಸ್ಥಳವಿದೆ, ಅದು ಕುಲುಮೆ. ಹಿಂದೆ ಎಡತೊರೆಯೆನಿಸಿಕೊಂಡಿದ್ದ ಕೃಷ್ಣರಾಜನಗರದ ಸೀಮೆ ಕಾವೇರಿಯ ನೀರುಂಡ ಭತ್ತದ ನಾಡು. ಅಲ್ಲಿಯ ಹಳ್ಳಿಯೊಂದರಲ್ಲಿ, ಭತ್ತದ ಕುಡುಗೋಲಿಗೆ ಗರಗಸದಂಥ ಹಲ್ಲು ಕೊಯ್ಯುತ್ತಿದ್ದ ಆಚಾರಿಯೊಬ್ಬರ ಕುಲುಮೆಯ ಮುಂದೆ ನಾವು ಒಂದು ಮಧ್ಯಾಹ್ನ ಕುಳಿತಿದ್ದುಂಟು. ಕುಲುಮೆಯಲ್ಲಿ ಬೆಳಕು ಕಡಿಮೆ. ಕಾದ ಕಬ್ಬಿಣದ ಬಣ್ಣ ಕಣ್ಣಿಗೆ ಸರಿಯಾಗಿ ತಿಳಿಯಲೆಂದೇ ಹಾಗೆ. ಕೆಂಪಗೆ ಕಾಯಿಸಿದ ಅಲಗನ್ನು ನೀರಿಗೆ ಅದ್ದಿದಾಗ ಅದು ಗಡುಸಾಗುತ್ತದೆ, ಆದರೆ ಗಾಜಿನಂತೆ ಪೆಡಸಾಗುತ್ತದೆ. ಅದನ್ನು ಉಜ್ಜಿ ಹೊಳಪು ಮಾಡಿ ಮತ್ತೆ ಮೆಲ್ಲಗೆ ಬಿಸಿ ತೋರಿಸಿದರೆ ಅಲಗಿನ ಮೇಲೆ ಬಣ್ಣಗಳು ಹರಿದುಬರುತ್ತವೆ. ಸುಮಾರು 220 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಿಳೆ, 300 ಡಿಗ್ರಿಯ ಹತ್ತಿರ ನೀಲಿ. ಹಳದಿಯಲ್ಲಿ ನಿಲ್ಲಿಸಿದ ಅಲಗು ಹೆಚ್ಚು ಗಡುಸು. ನೀಲಿಗೆ ಹೋದುದು ಮೆದುವಾಗಿ ಬಾಗುವ ಗುಣ ಪಡೆಯುತ್ತದೆ. ಯಾವ ಕೆಲಸಕ್ಕೆ ಯಾವ ಹದ ಎಂಬುದನ್ನು ಆಚಾರಿಯ ಕಣ್ಣು ಆ ಬಣ್ಣದಲ್ಲಿ ಓದುತ್ತದೆ. ಸಾಣೆ ಚಕ್ರಕ್ಕೆ ಒತ್ತಿ ಹಿಡಿದು ಅಂಚು ನೀಲಿಗಟ್ಟಿದ ಮಚ್ಚನ್ನು ಕೊಳ್ಳಬಾರದೆಂಬುದೂ ಇದೇ ಕಾರಣಕ್ಕೆ. ಅಲ್ಲಿ ಹದ ಹೋಗಿರುತ್ತದೆ. ಇದು ಮೇಲೆ ಬಳಿದ ಬಣ್ಣವಲ್ಲ, ಲೋಹದ ಒಳಗುಣ ಹೊರಗೆ ತೋರಿದ ಬಣ್ಣ.

ಇನ್ನು ಬಳಿದ ಬಣ್ಣಕ್ಕೂ ಒಂದು ಕಾಯಕವುಂಟು. ಅದು ಕೂಗಿ ಕರೆಯುವ ಕಾಯಕ. ಹೊಲದಲ್ಲಿ ದುಡಿಯುವವರಿಗೆ ಇದು ಗೊತ್ತು. ಹುಲ್ಲಿನ ನಡುವೆ ಇಟ್ಟ ಕುಡುಗೋಲು ಕ್ಷಣದಲ್ಲಿ ಮಾಯವಾಗುತ್ತದೆ. ಕಳೆದುಹೋದ ಕುಡುಗೋಲೆಂದರೆ ಹಣದ ನಷ್ಟ ಮಾತ್ರವಲ್ಲ. ಅದರ ಮೇಲೆ ಯಾರ ಕಾಲು ಬೀಳುವುದೋ, ಮೇಯಲು ಬಂದ ಯಾವ ಹಸುವಿನ ಗೊರಸು ಬೀಳುವುದೋ! ಆದಕಾರಣ ಹಿಡಿಗೆ ಎದ್ದು ಕಾಣುವ ಬಣ್ಣವಿರುವುದು ಒಳ್ಳೆಯದು. 2001ರಲ್ಲಿ, ಈ ಅಳಿಯನಿಗೆ ಹನ್ನೆರಡು ವರ್ಷವಾಗಿದ್ದಾಗ, ರಜೆಯಲ್ಲಿ ಮೇವು ಕೊಯ್ಯಲೆಂದು ನಾವೇ ಅವನಿಗೆ ಒಂದು ಸಣ್ಣ ಕುಡುಗೋಲು ಕೊಡಿಸಿ, ಅದರ ಹಿಡಿಗೆ ನಮ್ಮ ಕೈಯಾರೆ ಕೆಂಪು ಬಣ್ಣ ಬಳಿದೆವು. ಹಸುರಿನ ನಡುವೆ ಕೆಂಪಿಗಿಂತ ಎದ್ದು ಕಾಣುವ ಬಣ್ಣ ಬೇರೊಂದಿಲ್ಲವೆಂದು ಅವನಿಗೆ ಪಾಠವನ್ನೂ ಹೇಳಿದೆವು.

ಒಂದು ವಾರದಲ್ಲಿ ಅವನು ಅದನ್ನು ಕಳೆದನು. ಇನ್ನೊಂದು ಕೊಡಿಸಿದೆವು, ಅದನ್ನೂ ಕಳೆದನು. ಮೂರನೆಯದು ಹೋದ ದಿನ ನಾವು ಹೊಲಕ್ಕೆ ಹೋಗಿ ನೋಡಿದರೆ, ಬದುವಿನ ಹುಲ್ಲಿನಲ್ಲಿ, ಅವನು ನಿಂತ ಜಾಗದಿಂದ ನಾಲ್ಕು ಮಾರು ದೂರದಲ್ಲಿ, ಅದು ಕೆಂಪಗೆ ಬಿದ್ದಿತ್ತು. ಆಳುಗಳೂ ಅಕ್ಕಪಕ್ಕದ ಹೊಲದವರೂ ಕೇಳುವಂತೆ ನಾವು ಅವನನ್ನು ಗದರಿಸಿದೆವು. "ಕುರುಡನಿಗೂ ಕಾಣುವಂಥ ಕೆಂಪು! ನಿನಗೆ ಕಣ್ಣಿಲ್ಲವೋ, ಮನಸ್ಸಿಲ್ಲವೋ?" ಎಂದೆವು. ಕಾಯಕದಲ್ಲಿ ಶ್ರದ್ಧೆ ಬೇಕೆಂದು ದೊಡ್ಡ ಉಪನ್ಯಾಸವನ್ನೇ ಮಾಡಿದೆವು. ಹುಡುಗ ತಲೆತಗ್ಗಿಸಿ ನಿಂತಿದ್ದನು. ಅಂದಿನಿಂದ ಮನೆಯವರೆಲ್ಲರ ಬಾಯಲ್ಲಿ ಅವನು ಮರೆಗುಳಿ, ಸೋಮಾರಿ ಎನಿಸಿಕೊಂಡನು. ಆ ಹೆಸರಿಗೆ ಮುದ್ರೆಯೊತ್ತಿದವರು ನಾವು.

ನಿಜ ಸಂಗತಿ ಅವನಿಗೇ ಗೊತ್ತಾದುದು ಎಂಟು ವರ್ಷಗಳ ಅನಂತರ, ಒಂದು ಉದ್ಯೋಗಕ್ಕಾಗಿ ವೈದ್ಯಕೀಯ ಪರೀಕ್ಷೆಗೆ ಹೋದಾಗ. ಬಣ್ಣದ ಚುಕ್ಕಿಗಳ ನಡುವೆ ಅಂಕಿಗಳನ್ನು ಅಡಗಿಸಿದ ಪುಸ್ತಕವನ್ನು ಅವನ ಮುಂದೆ ತೆರೆದರಂತೆ. ಅದು ಜಪಾನಿನ ನೇತ್ರವೈದ್ಯ ಶಿನೊಬು ಇಶಿಹರ ಅವರು ರಚಿಸಿ 1917ರಲ್ಲಿ ಪ್ರಕಟಿಸಿದ ಪರೀಕ್ಷೆ. ಉಳಿದವರು ಸರಾಗವಾಗಿ ಓದಿದ ಅಂಕಿಗಳಲ್ಲಿ ಅನೇಕವು ಇವನಿಗೆ ಕಾಣಿಸಲೇ ಇಲ್ಲ. ಕೆಂಪು ಹಸುರುಗಳ ಭೇದ ತಿಳಿಯದ ಕಣ್ಣೆಂದು ವೈದ್ಯರು ಹೇಳಿದರು. ಉದ್ಯೋಗ ದೊರೆಯಲಿಲ್ಲ. ಊರಿಗೆ ಬಂದು, ಪರೀಕ್ಷೆಯಲ್ಲಿ ಅಂಕ ಸಾಲಲಿಲ್ಲವೆಂದು ಹೇಳಿ ಸುಮ್ಮನಾದನು. ಕಣ್ಣಿನ ದೋಷವೆಂದು ತಿಳಿದರೆ ಹೆಣ್ಣು ಕೊಡುವವರು ಹಿಂದೆಗೆದಾರೆಂಬ ಭಯ ಒಂದು. ಮಾವನ ಮುಂದೆ ಇದನ್ನೂ ನೆಪವೆಂದು ಕೇಳಿಸಿಕೊಳ್ಳಬೇಕಾದೀತೆಂಬ ಭಯ ಇನ್ನೊಂದು. ಎರಡನೆಯದನ್ನು ಅವನು ನಗುತ್ತಲೇ ಹೇಳಿದನು. ನಮಗೆ ನಗು ಬರಲಿಲ್ಲ.

ಮುಚ್ಚಿಟ್ಟ ಸಂಗತಿ ಒಮ್ಮೆ ಪ್ರಾಣಕ್ಕೇ ಬರುವುದರಲ್ಲಿತ್ತು. ಪಂಪ್‌ಸೆಟ್ಟಿನ ಮೂರು ಫೇಸುಗಳಿಗೆ ಕೆಂಪು, ಹಳದಿ, ನೀಲಿ ತಂತಿ, ನ್ಯೂಟ್ರಲ್‌ಗೆ ಕಪ್ಪು, ಅರ್ತಿಂಗ್‌ಗೆ ಹಸುರು ಎಂಬುದು ನಮ್ಮ ದೇಶದಲ್ಲಿ ರೂಢಿಯಾಗಿ ಬಂದ ಕ್ರಮ. 2012ರ ಒಂದು ಸಂಜೆ, ಮೇನ್ ಸ್ವಿಚ್ ಇಳಿಸಿ ಸ್ಟಾರ್ಟರ್ ಸರಿಪಡಿಸುತ್ತಿದ್ದ ಇವನು, ಮಬ್ಬು ಬೆಳಕಿನಲ್ಲಿ ಕೆಂಪು ತಂತಿಯನ್ನು ಹಸುರೆಂದು ಭಾವಿಸಿ ಅರ್ತಿಂಗ್‌ನ ಜಾಗಕ್ಕೆ ಬಿಗಿದಿದ್ದನಂತೆ. ಸ್ವಿಚ್ ಏರಿಸುವ ಮುನ್ನ ಪಕ್ಕದ ಹೊಲದಿಂದ ಬಂದ ವೈರ್‌ಮನ್ ಒಬ್ಬರು ಕಂಡು ತಡೆದರು. ಇಲ್ಲವಾದರೆ ಪಂಪಿನ ಕಬ್ಬಿಣದ ಮೈಗೇ ವಿದ್ಯುತ್ತು ಹರಿದು, ಅದನ್ನು ಮುಟ್ಟಿದವರ ಗತಿ ಏನಾಗುತ್ತಿತ್ತೋ ಊಹಿಸಲೂ ಭಯವಾಗುತ್ತದೆ. ಹಸುರಿನ ಮೇಲೆ ಹಳದಿ ಪಟ್ಟೆಯುಳ್ಳ ತಂತಿಯನ್ನು ಅರ್ತಿಂಗ್‌ಗೆ ಬಳಸುವುದು ಈಗ ಜಗತ್ತಿನ ಅನೇಕ ದೇಶಗಳಲ್ಲಿ ನಿಯಮವಾಗಿದೆ. ಬಣ್ಣದ ಭೇದ ತಿಳಿಯದವರೂ ಪಟ್ಟೆಯನ್ನು ನೋಡಿ ಗುರುತಿಸಬಹುದೆಂಬುದು ಅದರ ಒಂದು ಪ್ರಯೋಜನ. ಇಂದು ಅಳಿಯನ ಮನೆಯಲ್ಲಿ ಇರುವುದು ಪಟ್ಟೆಯ ತಂತಿಯೇ.

ಈ ಕಣ್ಣಿನ ವಿಚಾರವಾಗಿ ನಾವು ಆಮೇಲೆ ಒಂದಿಷ್ಟು ಓದಿ ತಿಳಿದೆವು. ಇಂಗ್ಲೆಂಡಿನ ವಿಜ್ಞಾನಿ ಜಾನ್ ಡಾಲ್ಟನ್ ತನ್ನ ಕಣ್ಣಿಗೆ ಬಣ್ಣಗಳು ಇತರರಿಗೆ ಕಾಣುವಂತೆ ಕಾಣುವುದಿಲ್ಲವೆಂದು ಅರಿತು, 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಅದನ್ನು ಪ್ರಬಂಧವಾಗಿ ಓದಿದನು. ವರ್ಣಾಂಧತೆ ಎಂಬ ಹೆಸರಿದ್ದರೂ ಇದು ಕುರುಡಲ್ಲ. ದೃಷ್ಟಿ ಚುರುಕಾಗಿಯೇ ಇರುತ್ತದೆ. ಕೆಲವು ಬಣ್ಣಗಳು ಮಾತ್ರ ಒಂದರಲ್ಲೊಂದು ಬೆರೆತುಹೋಗುತ್ತವೆ. ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು 8 ಮಂದಿಗೆ, ಹೆಂಗಸರಲ್ಲಿ ಇನ್ನೂರಕ್ಕೆ ಒಬ್ಬರಿಗೆ ಕೆಂಪು ಹಸುರಿನ ಈ ತೊಡಕುಂಟು. ನಮ್ಮ ದೇಶದಲ್ಲಿ ಅಷ್ಟಿಲ್ಲವಾದರೂ ಅಪರೂಪವೇನಲ್ಲ. ಇದರ ಮೂಲವಿರುವುದು ಎಕ್ಸ್ ಎಂಬ ವರ್ಣತಂತುವಿನಲ್ಲಿ. ಮಗನಿಗೆ ಎಕ್ಸ್ ತಂತು ಬರುವುದು ತಾಯಿಯಿಂದಲೇ ಹೊರತು ತಂದೆಯಿಂದಲ್ಲ. ಆದುದರಿಂದ ಈ ಗುಣ ತಂದೆಯಿಂದ ಮಗನಿಗೆ ಇಳಿಯುವುದಿಲ್ಲ. ಮಗಳ ಮೂಲಕ ಮೊಮ್ಮಗನಿಗೆ ಇಳಿಯಬಲ್ಲದು. ಆ ಮಗಳ ಕಣ್ಣಿಗೆ ಸಾಮಾನ್ಯವಾಗಿ ಏನೂ ತೊಂದರೆಯಿರುವುದಿಲ್ಲ.

ಇದನ್ನು ಓದುತ್ತಿದ್ದಂತೆ ನಮಗೆ ತಂದೆಯವರ ಕುಡುಗೋಲು ನೆನಪಾಯಿತು. ಅದರ ಹಿಡಿಗೆ ಸದಾ ಒಂದು ಬಿಳಿಯ ಬಟ್ಟೆಯ ಚೂರು ಸುತ್ತಿರುತ್ತಿತ್ತು. ಮಾಸಿದರೆ ಬಿಚ್ಚಿ, ಅಮ್ಮನಿಂದ ಹಳೆಯ ಪಂಚೆಯ ಅಂಚು ಕೇಳಿ ಪಡೆದು ಮತ್ತೆ ಸುತ್ತುತ್ತಿದ್ದರು. ಬೆವರು ಹೀರಲೆಂದು ಹಾಗೆ ಮಾಡುತ್ತಾರೆಂದು ನಾವು ತಿಳಿದಿದ್ದೆವು. ಹೊಗೆಸೊಪ್ಪಿನ ಬ್ಯಾರನ್ನಿನ ದೃಶ್ಯವೂ ಕಣ್ಣ ಮುಂದೆ ಬಂದಿತು. ಹುಣಸೂರು, ಪಿರಿಯಾಪಟ್ಟಣಗಳ ಬಂಧುಗಳಿಗೆ ಆ ಕೆಲಸವನ್ನು ವಿವರಿಸಬೇಕಾಗಿಲ್ಲ. ಮೊದಲ ಹಂತದಲ್ಲಿ ನೂರು ಡಿಗ್ರಿ ಫ್ಯಾರನ್‌ಹೀಟ್‌ನ ಆಸುಪಾಸಿನಲ್ಲಿ ಕಾವನ್ನು ಹಿಡಿದು, ಎಲೆ ಹಸುರು ಬಿಟ್ಟು ಹಳದಿಗೆ ತಿರುಗುವವರೆಗೆ ಕಾಯಬೇಕು. ತಿರುಗಿದ ಮೇಲೆಯೇ ಉರಿ ಹೆಚ್ಚಿಸಬೇಕು. ಅವಸರಪಟ್ಟರೆ ಎಲೆಯಲ್ಲಿ ಹಸುರು ಉಳಿದುಬಿಡುತ್ತದೆ, ತಡವಾದರೆ ಕಂದಾಗುತ್ತದೆ. ಎರಡರಲ್ಲೂ ಬೆಲೆ ಕುಸಿಯುತ್ತದೆ. ತಂದೆಯವರು ಉರಿ ನೋಡುತ್ತಿದ್ದರು, ಥರ್ಮಾಮೀಟರ್ ನೋಡುತ್ತಿದ್ದರು. ಎಲೆ ನೋಡುವ ಹೊತ್ತಿಗೆ ಮಾತ್ರ, ನಡುರಾತ್ರಿಯಾದರೂ, ಅಮ್ಮನನ್ನು ಎಬ್ಬಿಸಿ ಕರೆತರುತ್ತಿದ್ದರು. "ನೀನು ಹೇಳು, ಆಯಿತೋ ಇಲ್ಲವೋ" ಎನ್ನುತ್ತಿದ್ದರು. ಹೆಂಡತಿಯ ಮಾತಿಗೆ ಅವರು ಕೊಡುತ್ತಿದ್ದ ಮರ್ಯಾದೆಯೆಂದು ನಾವು ಅದನ್ನೂ ಒಂದು ಆದರ್ಶವಾಗಿ ಹೇಳಿಕೊಂಡು ಬಂದಿದ್ದೆವು. ಮರ್ಯಾದೆಯೂ ಇದ್ದೀತು. ಆದರೆ ಅವರಿಗೆ ಅಮ್ಮನ ಕಣ್ಣು ಬೇಕಾಗಿತ್ತು. ಆ ಗುಟ್ಟು ಅಮ್ಮನಿಗೆ ಗೊತ್ತಿತ್ತೋ ಇಲ್ಲವೋ, ಕೇಳೋಣವೆಂದರೆ ಇಬ್ಬರೂ ಇಂದು ಇಲ್ಲ.

"ಬಣ್ಣ ಏನ್ ನೇಗ್ಲು ಎಳೀತದಾ?" ಎಂಬ ಮಾತು ನಮ್ಮ ಕಿವಿಯಲ್ಲಿ ಈಗ ಬೇರೆಯಾಗಿ ಕೇಳಿಸುತ್ತದೆ. ಅದು ವಿವೇಕವೂ ಹೌದು, ಒಂದು ಮರೆಯೂ ಹೌದು. ನಾವು ಆ ಮಾತನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ಪಡೆದೆವು. ಅದೇ ಕಣ್ಣುಳ್ಳ ಮೊಮ್ಮಗನಿಗೆ ನಮ್ಮ ಕಣ್ಣಿಗೆ ಹೊಂದುವ ಬಣ್ಣ ಬಳಿದುಕೊಟ್ಟು, ಕಾಣಲಿಲ್ಲವೆಂದು ಗದರಿಸಿದೆವು. ನಮ್ಮ ಕಣ್ಣಾದರೂ ಎಷ್ಟು ದೃಢವಾದುದು? ಮೂರು ವರ್ಷಗಳ ಹಿಂದೆ ಪೊರೆ ತೆಗೆಸಿಕೊಂಡಾಗ, ಹಳದಿಗಟ್ಟಿದೆಯೆಂದು ನಾವು ದೂರುತ್ತಿದ್ದ ಪಂಚೆಗಳು ಮರುದಿನವೇ ಬೆಳ್ಳಗಾದುವು. ಅಗಸರ ತಪ್ಪೇನೂ ಇರಲಿಲ್ಲ.

ಬಣ್ಣ ಒಂದನ್ನೇ ನಂಬಬಾರದೆಂಬ ಎಚ್ಚರ ಕಾನೂನಿನಲ್ಲಿಯೂ ಇದೆ. ಹೆಗ್ಗಡದೇವನಕೋಟೆಯ ಕಡೆ ಹತ್ತಿ ಬೆಳೆಯುವ ನಮ್ಮ ಬೀಗರ ಮನೆಯಲ್ಲಿ ಅಳಿಯನು ಒಮ್ಮೆ ಔಷಧಿ ಸಿಂಪಡಿಸಲು ನೆರವಾಗಿದ್ದನು. ಕೀಟನಾಶಕದ ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಚೌಕವೊಂದು ಇರುತ್ತದೆ. 1971ರ ಕೀಟನಾಶಕ ನಿಯಮಗಳ ಪ್ರಕಾರ, ಅದರ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತ್ಯಂತ ತೀವ್ರ ವಿಷ, ಹಳದಿಯಾದರೆ ಹೆಚ್ಚಿನ ವಿಷ, ನೀಲಿಯಾದರೆ ಮಧ್ಯಮ, ಹಸುರಾದರೆ ಅಲ್ಪ. ಎಲ್ಲಕ್ಕಿಂತ ಹೆಚ್ಚಿನ ಅಪಾಯಕ್ಕೆ ಕೆಂಪು, ಎಲ್ಲಕ್ಕಿಂತ ಕಡಮೆಗೆ ಹಸುರು; ನಮ್ಮ ಅಳಿಯನ ಕಣ್ಣಿಗೆ ಬೆರೆತುಹೋಗುವ ಎರಡೂ ಇವೇ! ಆದರೆ ಮೇಲಿನ ತ್ರಿಕೋನದಲ್ಲಿ ಎಚ್ಚರಿಕೆಯ ಮಾತು ಬೇರೆಯಾಗಿರುತ್ತದೆ. ಕೆಂಪಿನದರಲ್ಲಿ ತಲೆಬುರುಡೆ ಮತ್ತು ಎಲುಬಿನ ಚಿತ್ರವೂ ಇರುತ್ತದೆ. ಅವನು ಚಿತ್ರವನ್ನೂ ಅಕ್ಷರವನ್ನೂ ನೋಡುತ್ತಾನೆ, ಬಣ್ಣವನ್ನಲ್ಲ. ಆದಕಾರಣ ಔಷಧಿಯನ್ನು ಬೇರೆ ಸೀಸೆಗೆ ಸುರಿದಿಡುವ ಅಭ್ಯಾಸವನ್ನು ಎಲ್ಲರೂ ಬಿಡಬೇಕು. ಸೀಸೆ ಬದಲಾದರೆ ಬಣ್ಣ, ಚಿತ್ರ, ಅಕ್ಷರ ಮೂರೂ ಹೋದಂತೆ.

ಹೀಗಿರಲಾಗಿ, ಸಲಕರಣೆ ಕೊಳ್ಳುವಾಗ ಬಣ್ಣಕ್ಕೆ ಎಷ್ಟು ಬೆಲೆ? ನಮಗೆ ತಿಳಿದಷ್ಟನ್ನು ಹೇಳುತ್ತೇವೆ. ಮೊದಲು ಲೋಹ, ಅಲಗು, ಕಾವು, ತೂಕ ಇವನ್ನು ನೋಡಬೇಕು. ಇವುಗಳಲ್ಲಿ ಕೊರತೆಯಿದ್ದರೆ ಯಾವ ಬಣ್ಣವೂ ಅದನ್ನು ತುಂಬಲಾರದು. ಇಕ್ಕಳದ ಹಿಡಿ ಕೆಂಪಗೋ ಹಳದಿಗೋ ಇದ್ದ ಮಾತ್ರಕ್ಕೆ ಅದು ವಿದ್ಯುತ್ತನ್ನು ತಡೆಯುತ್ತದೆಂದು ತಿಳಿಯಬಾರದು. ಎಷ್ಟು ವೋಲ್ಟಿನವರೆಗೆ ತಡೆಯುವುದೆಂದು ಅದರ ಮೇಲೆ ಬರೆದಿದೆಯೋ ನೋಡಬೇಕು. ಇವೆಲ್ಲ ಸರಿಯಿದ್ದ ಮೇಲೆ ಬಣ್ಣವನ್ನು ಆರಿಸಬೇಕು. ಕೆಲಸ ನಡೆಯುವ ಜಾಗವನ್ನೂ ಅದನ್ನು ಹಿಡಿಯುವವರ ಕಣ್ಣನ್ನೂ ನೋಡಿ ಆರಿಸಬೇಕು. ಕೊಂಡುಕೊಡುವವರ ಕಣ್ಣು ಅಲ್ಲಿ ಲೆಕ್ಕಕ್ಕಿಲ್ಲ. ಹಸುರು ಹುಲ್ಲಿನಲ್ಲಿ ಬಹುಮಂದಿಗೆ ಕೆಂಪು ಎದ್ದು ಕಾಣುತ್ತದೆ. ನಮ್ಮ ಅಳಿಯನಂಥವರಿಗೆ ನೀಲಿ ಅಥವಾ ಬಿಳಿ. ಒಣಗಿದ ರಾಗಿ ಕೂಳೆಯಲ್ಲಿ ಹಳದಿ ಯಾರಿಗೂ ಸಲ್ಲದು. ಏನೂ ದೊರೆಯದಿದ್ದರೆ ಒಂದು ಬಿಳಿಯ ಬಟ್ಟೆಯ ಚೂರು ಸಾಕು.

ಮನೆಯ ಹಿರಿಯರಲ್ಲಿ, ವಿಶೇಷವಾಗಿ ತಾಯಂದಿರಲ್ಲಿ, ಇನ್ನೊಂದು ಬಿನ್ನಹ. ಮಗು ಎಲೆಗೆ ಕಂದು ಬಣ್ಣ ಬಳಿದರೆ, ಹಣ್ಣಾದ ಟೊಮೆಟೊ ಬಿಟ್ಟು ಕಾಯಿ ಕಿತ್ತು ತಂದರೆ, ಇಟ್ಟ ಸಾಮಾನು ಕಣ್ಣೆದುರಿಗಿದ್ದೂ ಕಾಣಲಿಲ್ಲವೆಂದರೆ, ಬಯ್ಯುವ ಮುನ್ನ ಒಮ್ಮೆ ಕಣ್ಣಿನ ವೈದ್ಯರಲ್ಲಿ ತೋರಿಸಿರಿ. ಹುಟ್ಟಿನಿಂದ ಬಂದ ಈ ತೊಡಕಿಗೆ ಮದ್ದಿಲ್ಲ. ಆದರೆ ತಿಳಿದುಕೊಂಡರೆ ಅರ್ಧ ತೊಂದರೆ ಅಲ್ಲಿಗೇ ಮುಗಿಯುತ್ತದೆ. ವಧೂವರರ ಮಾತುಕತೆಯಲ್ಲಿಯೂ ಇದನ್ನು ಮುಚ್ಚಿಡಬೇಕಾದ ಕಳಂಕವೆಂದು ಎಣಿಸುವುದು ಬೇಡ. ಅಳಿಯನಿಗೆ ಮದುವೆಯಾಗಿ ಹತ್ತು ವರ್ಷವಾಯಿತು. ಮದುವೆಗೆ ಮುಂಚೆಯೇ ಅವನು ಹೆಂಡತಿಯಾಗುವವಳಿಗೆ ಎಲ್ಲವನ್ನೂ ಹೇಳಿದ್ದನಂತೆ. ಆಕೆ ಅದನ್ನು ದೊಡ್ಡದು ಮಾಡಲಿಲ್ಲ. ಇಂದು ಬ್ಯಾರನ್ನಿನಲ್ಲಿ ಎಲೆ ನೋಡುವವಳು ಆಕೆಯೇ. ತಿಳಿಯದೆ ಇದ್ದವರು ನಾವು ಮಾತ್ರ.

ರಾಗಿ ಕೊಯ್ಲಿನ ಮೊದಲ ದಿನ ನಾವು ತಂಗಿಯ ಮನೆಗೆ ಹೋದೆವು. ಅಟ್ಟದ ಮೇಲಿದ್ದ ತಂದೆಯವರ ಕುಡುಗೋಲನ್ನು ಆಚಾರಿಯಲ್ಲಿ ಹಲ್ಲು ಕೊಯ್ಯಿಸಿ, ಹಿಡಿಗೆ ನಮ್ಮದೇ ಒಂದು ಹಳೆಯ ಪಂಚೆಯ ಅಂಚನ್ನು ಸುತ್ತಿ ಒಯ್ದಿದ್ದೆವು. ಎಲ್ಲರ ಮುಂದೆ ಗದರಿಸಿದ್ದ ಮಾತಿಗೆ ಎಲ್ಲರ ಮುಂದೆಯೇ ಕ್ಷಮೆ ಕೇಳುವುದು ಯುಕ್ತವೆಂದು ತಿಳಿದು, ಆಳುಗಳು ನೋಡುತ್ತಿರುವಾಗಲೇ ಅಳಿಯನ ಕೈಗೆ ಅದನ್ನು ಕೊಟ್ಟು, "ಅಂದು ಕಾಣದೆ ಇದ್ದುದು ನಮಗೆ, ನಿನಗಲ್ಲ" ಎಂದೆವು. ಅವನು ಅದನ್ನು ಹಣೆಗೊತ್ತಿಕೊಂಡು, "ಬಿಡಿ ಮಾವ, ಬಿಸಿಲೇರುತ್ತದೆ" ಎಂದು ಹೊಲಕ್ಕಿಳಿದನು. ಮಧ್ಯಾಹ್ನ ಊಟಕ್ಕೆ ಬಂದವನು ಕುಡುಗೋಲನ್ನು ಬದುವಿನ ಮೇಲೆ ಎಸೆದು ಕೈತೊಳೆಯಲು ಹೋದನು. ಹುಲ್ಲಿನ ನಡುವೆ ಆ ಬಿಳಿಯ ಚೂರು ನಮ್ಮಿಬ್ಬರಿಗೂ ಒಂದೇ ಸಮನಾಗಿ ಕಾಣುತ್ತಿತ್ತು.